ಎಸ್ಟೋನಿಯಾದ ಗುರುತಿನ ಚೀಟಿಯೂ ನಮ್ಮ ಹೆಬ್ಬೆರಳೂ

ಕಳೆದ ತಿಂಗಳು ಮಂಜೇಶ್ವರದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಕಾನೂನು ಅರಿವಿನ ತರಗತಿ ನಡೆಸಲು ಹೋಗಿದ್ದೆ. ದಸ್ತಾವೇಜು, ಸಹಿ, ಸಾಕ್ಷಿ ಎಂಬಿಷ್ಟು ವಿಷಯಗಳನ್ನು ಹೇಳಿ, ನಕಲಿ ಸಹಿಯನ್ನು ನ್ಯಾಯಾಲಯದಲ್ಲಿ ಹೇಗೆ ಪತ್ತೆಹಚ್ಚುತ್ತಾರೆ ಎಂಬುದನ್ನು ವಿವರಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನನ್ನ ಸಹಿಯನ್ನು ಯಾರಾದರೂ ಕಲಿತುಬಿಟ್ಟರೆ ನಾನು ಬೇರೆ ಸಹಿ ಹಾಕಲು ಸುರುಮಾಡಬಹುದು. ಹೆಬ್ಬೆರಳಿನ ಗುರುತನ್ನು ಕದ್ದರೆ ಬೇರೆ ಬೆರಳನ್ನು ಎಲ್ಲಿಂದ ತರುವುದು?" ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಇನ್ನೂ ಒಂಬತ್ತು ಉಂಟಲ್ಲ" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗುವಿನ ಮರೆಯಲ್ಲಿ ನನಗೆ ಉತ್ತರ ಗೊತ್ತಿಲ್ಲವೆಂಬುದು ಮುಚ್ಚಿಹೋಯಿತು.

ಆಕೆಯ ತಾಯಿ ಬೀಡಿ ಕಟ್ಟುವವರೆಂದೂ, ಎಲೆ ಉಜ್ಜಿ ಉಜ್ಜಿ ಬೆರಳ ಗೆರೆಗಳು ಸವೆದುದರಿಂದ ಯಂತ್ರವು ಅವರನ್ನು ಒಮ್ಮೊಮ್ಮೆ ಗುರುತಿಸುವುದೇ ಇಲ್ಲವೆಂದೂ ಅಲ್ಲಿನ ಅಧ್ಯಾಪಕರು ಆಮೇಲೆ ಹೇಳಿದರು. ಪ್ರಶ್ನೆ ಪಠ್ಯಪುಸ್ತಕದಿಂದ ಬಂದುದಲ್ಲವೆಂಬುದು ಆಗ ತಿಳಿಯಿತು. ವಕೀಲನೊಬ್ಬ ಉತ್ತರವನ್ನು ಬಾಕಿ ಇರಿಸಿಕೊಳ್ಳುವುದು ಒಳ್ಳೆಯದಲ್ಲ. ಆದುದರಿಂದ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಉತ್ತರಕ್ಕಾಗಿ ಓದುಗರನ್ನು ಸ್ವಲ್ಪ ದೂರ, ಬಾಲ್ಟಿಕ್ ಸಮುದ್ರದ ದಂಡೆಯವರೆಗೆ ಕರೆದೊಯ್ಯಬೇಕಾಗಿದೆ.

ಎಸ್ಟೋನಿಯಾ ಎಂಬ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಕಾಸರಗೋಡು ಜಿಲ್ಲೆಯ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆಗೊಂಡ ಈ ಪುಟ್ಟ ದೇಶ 2002ರಿಂದ ತನ್ನ ಪ್ರಜೆಗಳಿಗೆ ಚಿಪ್ ಅಳವಡಿಸಿದ ಗುರುತಿನ ಚೀಟಿಯನ್ನು ಕೊಡುತ್ತಾ ಬಂದಿದೆ. ಅದು ಕೇವಲ ಭಾವಚಿತ್ರ ಮತ್ತು ಹೆಸರನ್ನು ತೋರಿಸುವ ಚೀಟಿಯಲ್ಲ. ಕಂಪ್ಯೂಟರಿಗೆ ಜೋಡಿಸಿ, ನಾಲ್ಕಂಕಿಯ ಒಂದು ಗುಪ್ತಸಂಖ್ಯೆಯನ್ನು ಒತ್ತಿದರೆ 'ಇವರು ಇಂಥವರೇ' ಎಂಬುದು ಸಿದ್ಧವಾಗುತ್ತದೆ. ಐದಂಕಿಯ ಇನ್ನೊಂದನ್ನು ಒತ್ತಿದರೆ ಕರಾರುಪತ್ರಕ್ಕೆ ಸಹಿ ಬೀಳುತ್ತದೆ. ಆ ಸಹಿಗೆ ಕೈಬರಹದ ಸಹಿಯಷ್ಟೇ ಕಾನೂನಿನ ಬೆಲೆ. ಬ್ಯಾಂಕು, ತೆರಿಗೆ, ಔಷಧದ ಚೀಟಿ, ಕಂಪೆನಿಯ ನೋಂದಣಿ ಎಲ್ಲವೂ ಅದರಿಂದಲೇ ನಡೆಯುತ್ತವೆ. 2005ರಿಂದ ಮತದಾನವನ್ನೂ ಅಂತರಜಾಲದ ಮೂಲಕ ಮಾಡಬಹುದಾಗಿದೆ. ಯುರೋಪಿಯನ್ ಒಕ್ಕೂಟವು 2014ರಲ್ಲಿ ಅಂಗೀಕರಿಸಿದ ಒಂದು ಕಾನೂನಿನಂತೆ, ಒಂದು ಸದಸ್ಯ ದೇಶದ ಪ್ರಮಾಣಪತ್ರದಿಂದ ವಿಧಿಪೂರ್ವಕವಾಗಿ ಮಾಡಿದ ವಿದ್ಯುನ್ಮಾನ ಸಹಿಯನ್ನು ಇತರ ಸದಸ್ಯ ದೇಶಗಳೂ ಮಾನ್ಯ ಮಾಡಬೇಕು. ಹೀಗಾಗಿ ಒಂದು ದೇಶದ ಸಂಶೋಧಕ ಮತ್ತೊಂದು ದೇಶದ ಉದ್ದಿಮೆಯೊಡನೆ ಒಪ್ಪಂದ ಮಾಡಿಕೊಳ್ಳಲು ಊರು ಬಿಟ್ಟು ಹೋಗಬೇಕಾಗಿಲ್ಲ.

ಗಡಿಯಲ್ಲಿ ಬದುಕುವ ನಮಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಸ್ಟೋನಿಯಾದ ರಾಜಧಾನಿ ಟಾಲಿನ್ನಿಗೂ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೂ ನಡುವೆ ಸುಮಾರು 80 ಕಿಲೋಮೀಟರ್ ಸಮುದ್ರವಿದೆ. ಈ ಎರಡು ಸರಕಾರಗಳು ಕಚೇರಿಗಳ ನಡುವೆ ಸುರಕ್ಷಿತವಾಗಿ ಮಾಹಿತಿ ಸಾಗಿಸುವ 'ಎಕ್ಸ್-ರೋಡ್' ಎಂಬ ವ್ಯವಸ್ಥೆಯನ್ನು ಕೂಡಿ ಬೆಳೆಸಲು 2017ರಲ್ಲಿ ಟಾಲಿನ್ನಿನಲ್ಲಿ ಒಂದು ಜಂಟಿ ಸಂಸ್ಥೆಯನ್ನೇ ಸ್ಥಾಪಿಸಿದವು. 2019ರ ಜನವರಿಯಿಂದ ಫಿನ್ಲೆಂಡಿನ ವೈದ್ಯರು ಬರೆದ ವಿದ್ಯುನ್ಮಾನ ಔಷಧಚೀಟಿಗೆ ಎಸ್ಟೋನಿಯಾದ ಅಂಗಡಿಗಳಲ್ಲಿ ಮದ್ದು ಸಿಗುತ್ತದೆ. ಇತ್ತ 2020ರಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದ ರೋಗಿಗಳ ನೆನಪು ನಮ್ಮಲ್ಲಿ ಇನ್ನೂ ಹಸಿಯಾಗಿದೆ. ಅದು ಬೇರೆಯೇ ಕಥೆ. ಇಲ್ಲಿ ಪ್ರಸ್ತುತವಾದುದು ಇನ್ನೊಂದು. ಎಸ್ಟೋನಿಯಾದ ಆ ಹೆಮ್ಮೆಯ ಚೀಟಿಯೇ 2017ರಲ್ಲಿ ಸೋರಿತು.

ಅದು ಹೇಗೆಂಬುದನ್ನು ಅರಿಯಲು ಎಂಟನೆಯ ತರಗತಿಯ ಗಣಿತ ಸಾಕು. 61 ಮತ್ತು 53 ಎರಡೂ ಅವಿಭಾಜ್ಯ ಸಂಖ್ಯೆಗಳು. ಗುಣಿಸಿದರೆ 3233. ಗುಣಿಸುವುದು ಸುಲಭ. ಆದರೆ 3233 ಎಂಬುದನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಮಕ್ಕಳು ಸ್ವಲ್ಪ ಹೊತ್ತು ತಡಕಾಡಬೇಕಾಗುತ್ತದೆ. ಆ ಎರಡು ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದರೆ ಇಂದಿನ ಕಂಪ್ಯೂಟರುಗಳೆಲ್ಲ ಒಟ್ಟಾದರೂ ತಡಕಾಡಿ ಮುಗಿಯದು. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಈ ಏಕಮುಖ ಕಷ್ಟವನ್ನೇ ಬೀಗವನ್ನಾಗಿ ಮಾಡಿದರು. ಗುಣಲಬ್ಧವು ಬಹಿರಂಗ ಕೀಲಿ. ಅದು ಊರಿಗೆಲ್ಲ ತಿಳಿದರೂ ಬಾಧಕವಿಲ್ಲ. ಮೂಲದ ಎರಡು ಸಂಖ್ಯೆಗಳಿಂದ ಗುಪ್ತ ಕೀಲಿ ಹುಟ್ಟುತ್ತದೆ. ಅದು ಚಿಪ್ಪಿನೊಳಗೇ ಇರಬೇಕು. ಗುಪ್ತ ಕೀಲಿಯುಳ್ಳವನು ಮಾತ್ರ ಸಹಿ ಹಾಕಬಲ್ಲ.

ಇಷ್ಟೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ. ಆ ಎರಡು ಸಂಖ್ಯೆಗಳನ್ನು ಯಾರೂ ಊಹಿಸಲಾಗದಂತೆ ಆರಿಸಿರಬೇಕು. ಚೀಟಿಯೊಳಗಿನ ಚಿಪ್ಪಾದರೋ ಬಹಳ ಸಣ್ಣದು, ನಿಧಾನದ್ದು. ಅಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಅದಕ್ಕೆ ಹೊತ್ತು ಬೇಕು. ಚಿಪ್ ತಯಾರಿಸಿದ ಜರ್ಮನಿಯ ಇನ್ಫಿನಿಯಾನ್ ಕಂಪೆನಿ ಅದಕ್ಕೊಂದು ಒಳದಾರಿಯನ್ನು ಕಂಡುಕೊಂಡಿತ್ತು. 'ಫಾಸ್ಟ್ ಪ್ರೈಮ್' ಎಂದು ಅದರ ಹೆಸರು. ಅಂಗಳದ ತುಂಬ ಒಣಹಾಕಿದ ಅಡಿಕೆಯಿಂದ ಕಣ್ಣುಮುಚ್ಚಿ ಎರಡನ್ನು ಹೆಕ್ಕು ಎಂದರೆ, ಆಳು ಬಿಸಿಲಿಗೆ ಹೆದರಿ ಯಾವಾಗಲೂ ಚಪ್ಪರದ ನೆರಳಿನ ಮೂಲೆಯಿಂದಲೇ ಹೆಕ್ಕಿದಂತೆ ಆ ಚಿಪ್ಪು ಒಂದು ಬಗೆಯ ಸಂಖ್ಯೆಗಳನ್ನಷ್ಟೇ ಆರಿಸುತ್ತಿತ್ತು. ಹೆಕ್ಕಿದ ಅಡಿಕೆಯನ್ನು ನೋಡಿದವರಿಗೆ ಏನೂ ತಿಳಿಯದು. ಸಾವಿರ ಸಲ ಹೆಕ್ಕುವುದನ್ನು ನೋಡುತ್ತಾ ಕುಳಿತವನಿಗೆ ಮಾತ್ರ ಮೂಲೆ ಕಾಣುತ್ತದೆ.

ಹಾಗೆ ನೋಡುತ್ತಾ ಕುಳಿತವರು ಚೆಕ್ ಗಣರಾಜ್ಯದ ಬ್ರ್ನೋ ನಗರದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು. ಹದಿನಾರು ಬಗೆಯ ಚಿಪ್ ಕಾರ್ಡುಗಳಿಂದಲೂ ಹಲವು ತಂತ್ರಾಂಶಗಳಿಂದಲೂ ಆರು ಕೋಟಿಗೂ ಹೆಚ್ಚು ಕೀಲಿಗಳನ್ನು ಹುಟ್ಟಿಸಿ, ಅವುಗಳ ಚಹರೆಯಲ್ಲಿ ವ್ಯತ್ಯಾಸವಿದೆಯೇ ಎಂದು ಅವರು ಪರೀಕ್ಷಿಸಿದ್ದರು. 2016ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಇನ್ಫಿನಿಯಾನಿನ ಕೀಲಿಗಳು ಉಳಿದವುಗಳಂತಿರಲಿಲ್ಲ. ಇದೇಕೆಂದು ಅವರು ಬೆನ್ನುಹತ್ತಿದರು. ಬ್ರಿಟನ್ನಿನ ಒಂದು ಸಣ್ಣ ಉದ್ದಿಮೆಯೂ ಇಟಲಿಯ ವೆನಿಸ್ಸಿನ ವಿಶ್ವವಿದ್ಯಾಲಯವೂ ಈ ಕೆಲಸದಲ್ಲಿ ಜೊತೆಗೂಡಿದುವು. ಕೊನೆಗೆ ತಿಳಿದದ್ದೇನೆಂದರೆ, ಕೇವಲ ಬಹಿರಂಗ ಕೀಲಿಯನ್ನು ನೋಡಿಯೇ ಗುಪ್ತ ಕೀಲಿಯನ್ನು ಲೆಕ್ಕಹಾಕಿ ತೆಗೆಯಬಹುದು. ಎಸ್ಟೋನಿಯಾದ ಚೀಟಿಯಲ್ಲಿದ್ದಷ್ಟು ಉದ್ದದ ಒಂದು ಕೀಲಿಯನ್ನು ಒಡೆಯಲು ಬಾಡಿಗೆ ಕಂಪ್ಯೂಟರುಗಳಿಗೆ ಹೆಚ್ಚೆಂದರೆ 40,000 ಡಾಲರುಗಳಷ್ಟು ವೆಚ್ಚವಾದೀತೆಂದು ಅವರ ಅಂದಾಜು. ಬಡವನ ಸಹಿಯನ್ನು ಆ ಬೆಲೆಗೆ ಯಾರೂ ಕದಿಯಲಾರರು. ದೊಡ್ಡ ಕಂಪೆನಿಯ ನಿರ್ದೇಶಕನ ಸಹಿಗೆ ಅದು ದುಬಾರಿಯಲ್ಲ.

ಇಲ್ಲಿ ಕಾನೂನಿನ ಕಣ್ಣಿನಿಂದ ಗಮನಿಸಬೇಕಾದ ಎರಡು ಸಂಗತಿಗಳಿವೆ. ಆ ಸಂಶೋಧಕರು ಯಾರ ಮನೆಯ ಬಾಗಿಲನ್ನೂ ಮುರಿಯಲಿಲ್ಲ. ತಮ್ಮ ಕೈಯಲ್ಲಿದ್ದ ಕಾರ್ಡುಗಳು ಹುಟ್ಟಿಸಿದ ಕೀಲಿಗಳನ್ನು ಓದಿ ಲೆಕ್ಕ ಮಾಡಿದರು, ಅಷ್ಟೆ. ಇನ್ನೊಂದು, ಆ ಚಿಪ್ಪಿನ ತಂತ್ರಾಂಶಕ್ಕೆ ಜರ್ಮನಿಯ ಸರಕಾರಿ ಭದ್ರತಾ ಸಂಸ್ಥೆಯ ಪ್ರಮಾಣಪತ್ರವಿತ್ತು. ಆದರೆ ವಿನ್ಯಾಸ ಬಹಿರಂಗವಾಗಿರಲಿಲ್ಲ. ಮೊಹರು ಬಿದ್ದ ಕಾಗದವನ್ನು ಕಂಡೊಡನೆ ಅದರೊಳಗಿನದೆಲ್ಲ ಸತ್ಯವೆಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಮಾತ್ರ ಇರುವುದಲ್ಲ.

ಮುಂದೆ ನಡೆದುದರ ದಿನಾಂಕಗಳನ್ನು ಓದುಗರು ದಾವೆಯ ಕಡತವನ್ನು ಓದುವಂತೆ ಓದಬೇಕು. 2017ರ ಫೆಬ್ರವರಿ 1ರಂದು ಸಂಶೋಧಕರು ಇನ್ಫಿನಿಯಾನಿಗೆ ಲೋಪವನ್ನು ತಿಳಿಸಿದರು. ಸರಿಪಡಿಸಿಕೊಳ್ಳಲು ಎಂಟು ತಿಂಗಳ ಅವಧಿ ಕೊಟ್ಟು, ಅಲ್ಲಿಯವರೆಗೆ ಮೌನವಾಗಿರಲು ಒಪ್ಪಿದರು. ಇದು ಆ ಕ್ಷೇತ್ರದಲ್ಲಿ ಸಂಶೋಧಕರೂ ಉದ್ದಿಮೆಗಳೂ ಪಾಲಿಸಿಕೊಂಡು ಬಂದಿರುವ ಮರ್ಯಾದೆ. ಕಳ್ಳನಿಗೆ ತಿಳಿಯುವ ಮೊದಲು ಬೀಗದವನಿಗೆ ತಿಳಿಯಲಿ ಎಂಬುದು ಅದರ ಆಶಯ. ಆ ಅವಧಿಯ ಉಪಯೋಗ ಆಗಲಿಲ್ಲವೆನ್ನಲಾಗದು. ಇದೇ ಕಂಪೆನಿಯ ಚಿಪ್ಪುಗಳುಳ್ಳ ಕಂಪ್ಯೂಟರುಗಳಿಗಾಗಿ ಮೈಕ್ರೋಸಾಫ್ಟ್, ಗೂಗಲ್ ಮೊದಲಾದವು ಅಕ್ಟೋಬರಿನೊಳಗೆ ಪರಿಹಾರವನ್ನು ಸಿದ್ಧಪಡಿಸಿದವು. ಆದರೆ ಎಸ್ಟೋನಿಯಾದ ಸರಕಾರಿ ಮಾಹಿತಿ ವ್ಯವಸ್ಥೆಯ ಪ್ರಾಧಿಕಾರಕ್ಕೆ ಲೋಪದ ವಿವರ ತಲುಪಿದ್ದು ಆಗಸ್ಟ್ 30ರಂದು, ಅದೂ ಸಂಶೋಧಕರ ತಂಡದಿಂದ. ಸುಮಾರು ಏಳು ತಿಂಗಳು! ಚಿಪ್ ಮಾಡಿದವನು, ಚೀಟಿ ಮಾಡಿದವನು, ಚೀಟಿ ಹಂಚಿದ ಸರಕಾರ, ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡ ಪ್ರಜೆ ಎಂಬ ಈ ಸರಪಳಿಯಲ್ಲಿ ಸಹಿ ಯಾರದೋ ಅವನೇ ಕಟ್ಟಕಡೆಯವನು.

ವಿಷಯ ತಿಳಿದ ಮೇಲೆ ಆ ಸರಕಾರ ನಡೆದುಕೊಂಡ ರೀತಿಯನ್ನು ನಾನು ಮೆಚ್ಚುತ್ತೇನೆ. ಆರು ದಿನಗಳಲ್ಲಿ, ಸೆಪ್ಟೆಂಬರ್ 5ರಂದು, ಪ್ರಧಾನಿ ಯೂರಿ ರಾಟಾಸ್ ಪತ್ರಿಕಾಗೋಷ್ಠಿ ಕರೆದು ಸುಮಾರು ಏಳೂವರೆ ಲಕ್ಷ ಚೀಟಿಗಳಲ್ಲಿ ದೋಷವಿದೆಯೆಂದು ಜನರಿಗೆ ನೇರವಾಗಿ ತಿಳಿಸಿದರು. 2014ರ ಅಕ್ಟೋಬರಿನಿಂದೀಚೆಗೆ ಕೊಟ್ಟವು ಅವು. ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಮಂದಿಯ ಕೈಯಲ್ಲಿದ್ದ ಚೀಟಿ. ಅಕ್ಟೋಬರಿನಲ್ಲಿ ಸ್ಥಳೀಯ ಚುನಾವಣೆ, ಅದರಲ್ಲಿ ಅಂತರಜಾಲದ ಮತದಾನ ಬೇರೆ. ಚುನಾವಣೆ ಕಳೆಯಲಿ ಎಂದು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮುಚ್ಚಿಕೊಳ್ಳಲಿಲ್ಲ. ಬಹಿರಂಗ ಕೀಲಿಗಳ ಸಾರ್ವಜನಿಕ ಪಟ್ಟಿಯನ್ನು ತತ್ಕಾಲಕ್ಕೆ ಮರೆಮಾಡಿದರು, ಚುನಾವಣೆಯನ್ನು ನಡೆಸಿದರು, ಬೇರೊಂದು ಗಣಿತಕ್ರಮದ ಕೀಲಿಯನ್ನು ಅದೇ ಚೀಟಿಯೊಳಕ್ಕೆ ಇಳಿಸುವ ದಾರಿಯನ್ನು ಸಿದ್ಧಪಡಿಸಿದರು. ಅಕ್ಟೋಬರ್ ಕೊನೆಯಿಂದ ಜನರು ಮನೆಯಲ್ಲಿ ಕುಳಿತೇ ಕೀಲಿಯನ್ನು ಬದಲಿಸಿಕೊಳ್ಳಬಹುದಾಯಿತು. ನವೆಂಬರ್ 3ರ ಮಧ್ಯರಾತ್ರಿ ಹಳೆಯ ಪ್ರಮಾಣಪತ್ರಗಳನ್ನೆಲ್ಲ ಅಮಾನತಿನಲ್ಲಿಟ್ಟರು. ಆ ದಿನಗಳಲ್ಲಿ ವ್ಯವಸ್ಥೆಯ ಮೇಲೆ ನೂಕುನುಗ್ಗಲಾಯಿತು. ವೈದ್ಯರು ಮೊದಲಾಗಿ ಚೀಟಿಯಿಲ್ಲದೆ ಕೆಲಸ ನಿಲ್ಲುವವರಿಗೆ ಮೊದಲ ಸರದಿ ಕೊಡಬೇಕಾಯಿತು. ಕೀಲಿ ಕದ್ದು ದುರುಪಯೋಗ ಮಾಡಿದ ಒಂದು ಪ್ರಕರಣವೂ ಬೆಳಕಿಗೆ ಬರಲಿಲ್ಲ. ಸ್ಲೊವಾಕಿಯಾ ಮತ್ತು ಸ್ಪೇನ್ ದೇಶಗಳ ಗುರುತಿನ ಚೀಟಿಗಳಿಗೂ ಇದೇ ಪೆಟ್ಟು ಬಿದ್ದಿತ್ತು.

ವ್ಯಾಜ್ಯವೂ ಆಯಿತೆನ್ನಿ. ಚೀಟಿ ತಯಾರಿಸಿದ ಜೆಮಾಲ್ಟೋ ಕಂಪೆನಿಯೊಡನೆ ಚೀಟಿಗಳ ಭದ್ರತಾ ಲೋಪಗಳ ಬಗ್ಗೆ ಎಸ್ಟೋನಿಯಾ ಕೋಟಿಗಟ್ಟಲೆ ಯೂರೋಗಳ ದಾವೆ ಹೂಡಿ, ಕೊನೆಗೆ 2021ರಲ್ಲಿ 22 ಲಕ್ಷ ಯೂರೋಗಳಿಗೆ ರಾಜಿ ಮಾಡಿಕೊಂಡಿತು. ದೊಡ್ಡ ಮೊತ್ತ ಕೇಳಿ ಸಣ್ಣ ಮೊತ್ತಕ್ಕೆ ಒಪ್ಪುವುದು ನಮ್ಮ ಕೋರ್ಟುಗಳ ವರಾಂಡದಲ್ಲಿಯೂ ದಿನನಿತ್ಯದ ನೋಟ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಹತ್ತಿರ ಬರೋಣ. ಕೈಬರಹದ ಸಹಿಯನ್ನು ನಕಲು ಮಾಡಿದರೆ ಎಲ್ಲೋ ಒಂದೆಡೆ ಕೈ ನಡುಗಿರುತ್ತದೆ, ಓರೆ ಬೇರೆಯಾಗಿರುತ್ತದೆ. ಬರಹ ತಜ್ಞರನ್ನು ಸಾಕ್ಷಿಕಟ್ಟೆಗೆ ಕರೆದು ಅದನ್ನು ತೋರಿಸಬಹುದು. ಗಣಿತದಿಂದ ತೆಗೆದ ಗುಪ್ತ ಕೀಲಿ ಹಾಕಿದ ಸಹಿಗೆ ಓರೆಕೋರೆಯಿಲ್ಲ. ಅದು ಅಸಲಿಯೇ. ಸುರಕ್ಷಿತ ವಿದ್ಯುನ್ಮಾನ ಸಹಿಯನ್ನು ಸಂಬಂಧಪಟ್ಟವನೇ ಹಾಕಿದನೆಂದು ನಮ್ಮ ದೇಶದ ಸಾಕ್ಷ್ಯ ಕಾನೂನೂ ಮೊದಲಿಗೆ ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸಿಕೊಡುವ ಹೊರೆ ಅವನ ಹೆಗಲಿಗೇ ಬೀಳುತ್ತದೆ. 'ಬೀಗದಲ್ಲಿಯೇ ದೋಷವಿತ್ತು' ಎಂದು ಆತ ವಾದಿಸಬೇಕಾದರೆ ದೋಷವಿತ್ತೆಂಬುದು ಆತನಿಗೆ ತಿಳಿದಿರಬೇಕಲ್ಲವೇ? ಆದುದರಿಂದ ಬ್ರ್ನೋದ ಸಂಶೋಧಕರು ಮಾಡಿದ್ದು ಕೇವಲ ಗಣಿತದ ಸಾಧನೆಯಲ್ಲ. ಮುಂದೆ ಯಾವುದೋ ನ್ಯಾಯಾಲಯದಲ್ಲಿ ನಿಲ್ಲಬಹುದಾಗಿದ್ದ ನಿರಪರಾಧಿಯೊಬ್ಬನಿಗೆ ಅವರು ಸಾಕ್ಷ್ಯವನ್ನು ಒದಗಿಸಿದಂತಾಯಿತು. ಯುರೋಪಿನ ಆ 2014ರ ಕಾನೂನು, ಇಂತಹ ಸೇವೆ ನೀಡುವವರು ಗಂಭೀರ ಭದ್ರತಾ ಭಂಗವನ್ನು ಅರಿತ 24 ಗಂಟೆಗಳೊಳಗೆ ಮೇಲ್ವಿಚಾರಣಾ ಸಂಸ್ಥೆಗೆ ತಿಳಿಸಬೇಕೆಂದೂ, ಬಾಧಿತರಾಗುವ ವ್ಯಕ್ತಿಗಳಿಗೆ ವಿನಾಕಾರಣ ತಡಮಾಡದೆ ತಿಳಿಸಬೇಕೆಂದೂ ವಿಧಿಸುತ್ತದೆ.

ನಮ್ಮಲ್ಲಿ? ಎಸ್ಟೋನಿಯಾ ತನ್ನ ಚೀಟಿಯ ದೋಷವನ್ನು ತಿಳಿದುಕೊಳ್ಳುವ ಆರು ದಿನ ಮೊದಲು, 2017ರ ಆಗಸ್ಟ್ 24ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ನ್ಯಾಯಾಲಯದ ಮೆಟ್ಟಿಲೇರಿದ್ದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕಾನೂನು ಓದುವ ವಿದ್ಯಾರ್ಥಿ ದೇಶದ ಯಾವ ಮೂಲೆಯಲ್ಲಿದ್ದರೂ ಆ ಹೆಸರನ್ನು ಉಚ್ಚರಿಸದೆ ಪದವಿ ಮುಗಿಸುವಂತಿಲ್ಲ ಎಂಬುದು ಕನ್ನಡಿಗನಾದ ನನಗೆ ಸಣ್ಣ ಸಂತೋಷ.

ಆದರೆ ಲೋಪವನ್ನು ಕಂಡವನು ಅದನ್ನು ಹೇಳಬಹುದೇ ಎಂಬಲ್ಲಿ ನಮ್ಮ ಕಾನೂನು ಇನ್ನೂ ಅಳುಕುತ್ತದೆ. 2018ರ ಜನವರಿಯಲ್ಲಿ 'ದ ಟ್ರಿಬ್ಯೂನ್' ಪತ್ರಿಕೆ, 500 ರೂಪಾಯಿ ಕೊಟ್ಟರೆ ಆಧಾರ್ ಹೊಂದಿದವರ ಹೆಸರು ವಿಳಾಸಗಳು ಸಿಗುತ್ತವೆಂದು ವರದಿ ಮಾಡಿತು. ಬೆರಳಚ್ಚಿನ ದತ್ತಾಂಶ ಸುರಕ್ಷಿತವಾಗಿದೆಯೆಂದು ಪ್ರಾಧಿಕಾರ ಸ್ಪಷ್ಟಪಡಿಸಿತು. ಆದರೆ ದಾಖಲಾದ ಪೊಲೀಸ್ ದೂರಿನಲ್ಲಿ ವರದಿಗಾರರ ಹೆಸರೂ ಸೇರಿತ್ತು. ಅದೇ ತಿಂಗಳು ಪ್ರಾಧಿಕಾರ ಆಧಾರ್ ಸಂಖ್ಯೆಯ ಬದಲಿಗೆ ಕೊಡಬಹುದಾದ 16 ಅಂಕಿಗಳ ತಾತ್ಕಾಲಿಕ ಸಂಖ್ಯೆಯನ್ನು ಪ್ರಕಟಿಸಿತೆಂಬುದನ್ನೂ ಹೇಳಬೇಕು. 2019ರ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದೆ ಆಧಾರ್ ಕೇಂದ್ರ ಭಂಡಾರವನ್ನು ಪ್ರವೇಶಿಸಿದವರಿಗೆ ವಿಧಿಸಬಹುದಾದ ಸೆರೆವಾಸ ಮೂರು ವರ್ಷಗಳಿಂದ ಹತ್ತು ವರ್ಷಗಳಿಗೆ ಏರಿತು. 2022ರಲ್ಲಿ, ಆಯ್ದ 20 ಮಂದಿ ತಜ್ಞರಿಗೆ ಲೋಪ ಹುಡುಕಲು ಅವಕಾಶ ನೀಡುವ ಕಾರ್ಯಕ್ರಮವನ್ನು ಪ್ರಾಧಿಕಾರ ಪ್ರಕಟಿಸಿತು. ಒಳ್ಳೆಯದೇ. ಆದರೆ ಬ್ರ್ನೋದವರನ್ನು ಯಾರೂ ಆಯ್ದಿರಲಿಲ್ಲ ಎಂಬುದನ್ನು ಮರೆಯಲಾಗದು. ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಶಿಕ್ಷೆಯಾಗಬೇಕಾದರೆ ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶ ಸಿದ್ಧವಾಗಬೇಕು. ಪ್ರಾಮಾಣಿಕ ಸಂಶೋಧಕನಿಗೆ ಅದು ರಕ್ಷಣೆಯೇ. ಆದರೆ ಆ ರಕ್ಷಣೆ ಸಿಗುವುದು ವಿಚಾರಣೆಯ ಕೊನೆಗೆ. ಅಷ್ಟರಲ್ಲಿ ಎಷ್ಟು ವಾಯಿದೆಗಳು ಕಳೆದಿರುತ್ತವೆಂದು ನನ್ನ ಕಕ್ಷಿದಾರರನ್ನು ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ದತ್ತಾಂಶ ಸೋರಿದರೆ ಬಾಧಿತ ವ್ಯಕ್ತಿಗೂ ತಿಳಿಸಬೇಕೆಂದು ಹೇಳಿರುವುದು ಒಂದು ಹೆಜ್ಜೆ. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದು ಹಂತಹಂತವಾಗಿ ಜಾರಿಗೆ ಬರುತ್ತಿವೆ.

ಎಸ್ಟೋನಿಯಾ ತನ್ನ ಬೀಗವನ್ನು ಬದಲಿಸಲು ಸಾಧ್ಯವಾದದ್ದು ಅದರ ಗುರುತು ಚಿಪ್ಪಿನೊಳಗಿನ ಕೀಲಿಯಲ್ಲಿದ್ದುದರಿಂದ. ನಮ್ಮ ಗುರುತಿನ ಒಂದು ಭಾಗ ಮೈಯಲ್ಲಿಯೇ ಇದೆ. ಹೌದು ಮಗಳೇ, ಬೇರೆ ಬೆರಳನ್ನು ತರಲಾಗದು. ಆದರೆ ಬೆರಳಿಗೆ ಬೀಗ ಹಾಕಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಎಂ-ಆಧಾರ್ ಆ್ಯಪಿನಲ್ಲಿ 'ಬಯೋಮೆಟ್ರಿಕ್ ಲಾಕ್' ಎಂಬ ಸೌಲಭ್ಯವಿದೆ. ಅದನ್ನು ಮಾಡಿಟ್ಟರೆ ನಾವೇ ತೆರೆಯುವ ತನಕ ಬೆರಳು, ಕಣ್ಣುಗಳಿಂದ ದೃಢೀಕರಣ ನಡೆಯುವುದಿಲ್ಲ. ಪಡಿತರಕ್ಕೆ ಹೋಗುವ ದಿನ ತೆರೆದು ಮತ್ತೆ ಮುಚ್ಚಬೇಕು. ಅದಕ್ಕೆ ಆಧಾರಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಮನೆಯವರ ಕೈಯಲ್ಲಿಯೇ ಇರಬೇಕು. ಗಲ್ಫಿಗೆ ಹೋದ ಚಿಕ್ಕಪ್ಪನ ಹಳೆಯ ನಂಬರನ್ನು ಕೊಟ್ಟಿರುವ ಎಷ್ಟೋ ಮನೆಗಳು ನಮ್ಮಲ್ಲಿವೆ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕಂಕಿ ಮಾತ್ರ ಕಾಣುವ 'ಮಾಸ್ಕ್ಡ್' ಪ್ರತಿಯನ್ನು ಕೊಡಿ. ಮಕ್ಕಳ ಬೆರಳಚ್ಚನ್ನು ಐದನೆಯ ಮತ್ತು ಹದಿನೈದನೆಯ ವಯಸ್ಸಿನಲ್ಲಿ ನವೀಕರಿಸಬೇಕಾಗುತ್ತದೆ. ಎಸ್.ಎಸ್.ಎಲ್.ಸಿ.ಯ ಹೊತ್ತಿಗೆ ಗಡಿಬಿಡಿಯಾಗದಂತೆ ನೋಡಿಕೊಳ್ಳಿ.

ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು 2018ರ ಸೆಪ್ಟೆಂಬರ್ 26ರ ತೀರ್ಪು ಹೇಳಿದೆ. ಬಾಲ್ಯದಲ್ಲಿ ಹೆತ್ತವರ ಒಪ್ಪಿಗೆಯಿಂದ ನೋಂದಾಯಿತರಾದವರು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಬೇಡವೆಂದು ರದ್ದುಪಡಿಸಿಕೊಳ್ಳಲೂ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಾಗೆ ರದ್ದುಪಡಿಸಿಕೊಂಡವರನ್ನು ನಾನಿನ್ನೂ ನಮ್ಮೂರಲ್ಲಿ ಕಂಡಿಲ್ಲ.

ಗೆರೆ ಸವೆದ ಆ ತಾಯಿಯ ವಿಷಯಕ್ಕೆ ಬಂದರೆ, ಬೆರಳು ಒಪ್ಪದಿದ್ದರೆ ಕಣ್ಣಿನ ಪಾಪೆ, ಮುಖ, ಇಲ್ಲವೇ ಮೊಬೈಲಿಗೆ ಬರುವ ಒ.ಟಿ.ಪಿ. ಇವುಗಳಿಂದಲೂ ದೃಢೀಕರಣಕ್ಕೆ ವ್ಯವಸ್ಥೆಯಿದೆ. ಯಂತ್ರ ಗುರುತಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬರಿಗೈಯಲ್ಲಿ ಹಿಂದೆ ಕಳುಹಿಸಿದರೆ ದಿನಾಂಕ ಬರೆದಿಟ್ಟುಕೊಂಡು ತಾಲೂಕು ಸರಬರಾಜು ಕಚೇರಿಗೆ ಲಿಖಿತ ದೂರು ಕೊಡಬೇಕು. ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಬರೆಯಲು ನೆರವು ಬೇಕಾದರೆ ಶನಿವಾರ ಮಧ್ಯಾಹ್ನದ ಮೇಲೆ ನಾನು ಕಚೇರಿಯಲ್ಲಿರುತ್ತೇನೆಂದು ಅಧ್ಯಾಪಕರ ಮೂಲಕ ಹೇಳಿ ಕಳುಹಿಸಿದ್ದೇನೆ.